ಕನ್ನಡ ಮೇಷ್ಟ್ರು ಕಲಿಸಿದ ಲೆಕ್ಕ

ಯಮಾತಾರಾಜಭಾನಸಲಗಂ.

ಓದುವಾಗ ನಾಲಿಗೆ ತಾನಾಗಿಯೇ ಓಡಿತು, ಅಲ್ವಾ? ಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದವರಿಗೆ ಇದು ಮಗ್ಗಿಯಷ್ಟೇ ಗಟ್ಟಿ. ಪದ್ಯದ ಎರಡು ಸಾಲು ಕೊಟ್ಟು, ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸಿನ ಹೆಸರು ಬರೆಯಿರಿ ಅಂತ ಕೇಳುತ್ತಿದ್ದರು. ಮೂರು ಅಂಕ ಕೈಗೆ ಸಿಗುವ ಪ್ರಶ್ನೆ. ಪೇಪರ್ ಕೈಗೆ ಬಂದ ತಕ್ಷಣ ಈ ಹತ್ತಕ್ಷರವನ್ನು ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ನನ್ನ ಮೊದಲ ಕೆಲಸ. ಇದರ ಅರ್ಥ ಏನು ಸಾರ್ ಅಂತ ಒಮ್ಮೆ ಕೇಳಿದ್ದಕ್ಕೆ ಮೇಷ್ಟ್ರು, "ಅರ್ಥ ಗಿರ್ಥ ಏನೂ ಇಲ್ಲ ಕಣೋ, ಸುಮ್ನೆ ಬಾಯಿಪಾಠ ಮಾಡು" ಅಂದಿದ್ದರು.

ಅವರು ಹೇಳಿದ್ದು ಸರಿ, ಅರ್ಥ ಇಲ್ಲ. ಆದರೆ ಲೆಕ್ಕ ಇದೆ. ಇಪ್ಪತ್ತನೇ ಶತಮಾನದ ಗಣಿತಜ್ಞರೊಬ್ಬರ ಹೆಸರನ್ನು ಹೊತ್ತಿರುವ ಒಂದು ಸರಪಳಿ ನಮ್ಮ ಕನ್ನಡ ನೋಟ್‌ಬುಕ್ಕಿನ ಅಂಚಿನಲ್ಲಿ ಸದ್ದಿಲ್ಲದೆ ಕೂತಿತ್ತು.

ಮರೆತವರಿಗಾಗಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಒಂದು ಮಾತ್ರೆಯ ಕಾಲದಲ್ಲಿ ಹೇಳಿ ಮುಗಿಸುವ ಅಕ್ಷರ ಲಘು, ಗುರುತು ∪. ಎರಡು ಮಾತ್ರೆ ಬೇಕಾದದ್ದು ಗುರು, ಗುರುತು —. ದೀರ್ಘ ಸ್ವರ ಇದ್ದರೆ ಗುರು. ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು. ಸೊನ್ನೆ, ವಿಸರ್ಗ, ಕೊನೆಯಲ್ಲಿ ಬರಿಯ ವ್ಯಂಜನ, ಐ, ಔ ಇದ್ದರೂ ಗುರು. ಉಳಿದದ್ದೆಲ್ಲ ಲಘು. 'ಗಣಿತ' ಅನ್ನುವ ಪದ ∪∪∪. 'ಕನ್ನಡ' —∪∪, ಏಕೆಂದರೆ ಮುಂದಿನ ನ್ನ ಮೊದಲ ಕ ಅಕ್ಷರಕ್ಕೆ ಭಾರ ಹೇರುತ್ತದೆ.

ಮೂರು ಮೂರು ಅಕ್ಷರ ಸೇರಿದರೆ ಒಂದು ಗಣ. ಮೂರು ಜಾಗ, ಪ್ರತಿ ಜಾಗದಲ್ಲೂ ಎರಡೇ ಆಯ್ಕೆ. 2 × 2 × 2, ಒಟ್ಟು 8 ಗಣ. ಯ, ಮ, ತ, ರ, ಜ, ಭ, ನ, ಸ.

ಈಗ ನಮ್ಮ ಮಂತ್ರಕ್ಕೆ ಪ್ರಸ್ತಾರ ಹಾಕೋಣ.

ಯ ಮಾ ತಾ ರಾ ಜ ಭಾ ನ ಸ ಲ ಗಂ
∪ — — — ∪ — ∪ ∪ ∪ —

ಯಗಣ ಹೇಗಿರುತ್ತದೆ ಅನ್ನೋದು ಮರೆತುಹೋಯಿತೆ? ಯ ಅಕ್ಷರದಿಂದ ಶುರುಮಾಡಿ ಮೂರು ಎಣಿಸಿ: ಯಮಾತಾ, ∪——. ಅದೇ ಯಗಣ. ರಗಣ ಬೇಕಾದರೆ ರಾಜಭಾ, —∪—. ನಗಣ ನಸಲ, ∪∪∪. ಸಗಣ ಸಲಗಂ, ∪∪—. ಕೊನೆಯ ಲ ಮತ್ತು ಗಂ ಗಣಗಳ ಹೆಸರಲ್ಲ, ಲಘು ಮತ್ತು ಗುರುವಿನ ಮೊದಲಕ್ಷರಗಳು. ಅವು ಇಲ್ಲದಿದ್ದರೆ ನಗಣಕ್ಕೂ ಸಗಣಕ್ಕೂ ಮೂರು ಅಕ್ಷರ ಭರ್ತಿ ಆಗುವುದಿಲ್ಲ.

ಇಷ್ಟು ಮೇಷ್ಟ್ರೂ ಹೇಳಿದ್ದರು. ಅವರು ಹೇಳದೆ ಬಿಟ್ಟದ್ದು ಇಲ್ಲಿಂದ ಮುಂದೆ.

ಎಂಟು ಗಣಗಳನ್ನು ಒಂದರ ಪಕ್ಕ ಒಂದು ಬರೆದರೆ 24 ಅಕ್ಷರ ಬೇಕು. ಇಲ್ಲಿ ಹತ್ತರಲ್ಲೇ ಮುಗಿದಿದೆ. ಪ್ರತಿ ಅಕ್ಷರವೂ ಅಕ್ಕಪಕ್ಕದ ಗಣಗಳಿಗೆ ದುಡಿಯುತ್ತದೆ. ರಾ ಅಕ್ಷರ ಮಗಣದಲ್ಲಿ ಮೂರನೆಯದು, ತಗಣದಲ್ಲಿ ಎರಡನೆಯದು, ರಗಣದಲ್ಲಿ ಮೊದಲನೆಯದು. ಹೀಗೆ ಮೂರು ಮನೆಯಲ್ಲಿ ದುಡಿದರೂ ಒಂದು ಗಣವೂ ಎರಡು ಸಲ ಬಂದಿಲ್ಲ, ಒಂದೂ ಬಿಟ್ಟುಹೋಗಿಲ್ಲ. ಇದಕ್ಕಿಂತ ಚಿಕ್ಕದು ಸಾಧ್ಯವೂ ಇಲ್ಲ. ಎಂಟು ಗಣಕ್ಕೆ ಎಂಟು ಬೇರೆ ಬೇರೆ ಆರಂಭಗಳು ಬೇಕು, ಕೊನೆಯ ಗಣ ಮುಗಿಯಲು ಇನ್ನೆರಡು ಅಕ್ಷರ ಬೇಕು. ಎಂಟೂ ಎರಡೂ ಹತ್ತು.

ಆ ಎರಡನ್ನೂ ಉಳಿಸಬಹುದು. ಸಾಲಿನ ಕೊನೆಯ ಎರಡು ಗುರುತು ನೋಡಿ: ∪—. ಮೊದಲ ಎರಡು? ಅವೂ ∪—. ಹಾಗಾದರೆ ಕೊನೆಯ ಎರಡನ್ನು ಕತ್ತರಿಸಿ, ಉಳಿದ ಎಂಟನ್ನು ಬಳೆಯ ಹಾಗೆ ಬಗ್ಗಿಸಿ ತುದಿ ಕೂಡಿಸಿದರೆ ಆಯಿತು. ಕರಿಮಣಿ ಲಘು, ಬಿಳಿಮಣಿ ಗುರು ಅಂದುಕೊಳ್ಳಿ. ಎಂಟು ಮಣಿಯ ಬಳೆ. ಎಲ್ಲಿಂದ ಬೇಕಾದರೂ ಹಿಡಿದು ಒಂದೇ ದಿಕ್ಕಿನಲ್ಲಿ ಮೂರು ಮಣಿ ಓದಿ, ಪ್ರತಿ ಸಲ ಒಂದು ಹೊಸ ಗಣ. ಎಂಟು ಜಾಗ, ಎಂಟು ಗಣ.

ಇಂಥ ಬಳೆಗೆ ಗಣಿತದಲ್ಲಿ ಡಿ ಬ್ರೌನ್ ಸರಣಿ ಅನ್ನುತ್ತಾರೆ. ನೆದರ್ಲೆಂಡ್ಸ್‌ನ ನಿಕೋಲಾಸ್ ಡಿ ಬ್ರೌನ್ 1946ರಲ್ಲಿ ಇದರ ಬಗ್ಗೆ ಬರೆದರು. ಅವರಿಗಿಂತ ಮೊದಲೇ, 1894ರಲ್ಲಿ, ಫ್ರಾನ್ಸ್‌ನ ಫ್ಲೈ ಸಾಂತ್ ಮಾರಿ ಇದೇ ಲೆಕ್ಕವನ್ನು ಬಿಡಿಸಿದ್ದರು. ಅದು ಗೊತ್ತಾದ ಮೇಲೆ ಡಿ ಬ್ರೌನ್ ಅವರೇ ಮುಂದೆ ಬಂದು ಶ್ರೇಯಸ್ಸು ಅವರಿಗೆ ಸಲ್ಲಬೇಕು ಎಂದು ಬರೆದರು. ಹೆಸರು ಮಾತ್ರ ಬದಲಾಗಲಿಲ್ಲ.

ಇಂಥ ಬಳೆ ಕಟ್ಟುವುದು ಹೇಗೆ? ಅದೃಷ್ಟ ನಂಬಿಕೊಂಡು ಅಲ್ಲ. ನಾಲ್ಕು ಊರುಗಳನ್ನು ಕಲ್ಪಿಸಿಕೊಳ್ಳಿ. ಊರುಗಳ ಹೆಸರು ∪∪, ∪—, —∪, ——. ನೀವು ಕೊನೆಗೆ ಬರೆದ ಎರಡು ಗುರುತು ಯಾವುದೋ, ಈಗ ಆ ಊರಿನಲ್ಲಿ ಇದ್ದೀರಿ. ಮುಂದೆ ಲಘು ಬರೆದರೆ ಒಂದು ರಸ್ತೆ, ಗುರು ಬರೆದರೆ ಇನ್ನೊಂದು. ಉದಾಹರಣೆಗೆ ∪— ಊರಿನಲ್ಲಿ ನಿಂತು ಗುರು ಬರೆದರೆ ಕೊನೆಯ ಎರಡು ಗುರುತು —— ಆಯಿತು, ಆ ಊರಿಗೆ ಬಂದಿರಿ. ಬಂದ ರಸ್ತೆಯ ಹೆಸರು ∪——, ಅಂದರೆ ಯಗಣ. ನಾಲ್ಕು ಊರು, ಊರಿಗೆ ಎರಡರಂತೆ ಎಂಟು ರಸ್ತೆ, ಎಂಟು ಗಣ. ∪∪ ಊರಿನಲ್ಲೂ —— ಊರಿನಲ್ಲೂ ಒಂದೊಂದು ರಸ್ತೆ ಹೊರಟ ಊರಿಗೇ ಸುತ್ತಿ ಬರುತ್ತದೆ. ಅವೇ ನಗಣ, ಮಗಣ.

ಈಗ ಪ್ರಶ್ನೆ ಇಷ್ಟೇ: ಪ್ರತಿ ರಸ್ತೆಯಲ್ಲೂ ಒಂದೇ ಒಂದು ಸಲ ನಡೆದು ಹೊರಟ ಊರಿಗೆ ವಾಪಸ್ ಬರಬಹುದೆ? ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಕಥೆ ಕೇಳಿದ್ದೀರಲ್ಲ, ಅದೇ ಪ್ರಶ್ನೆ. 1736ರಲ್ಲಿ ಆಯ್ಲರ್ ಅದು ಆಗದ ಕೆಲಸ ಅಂತ ತೋರಿಸಿದ. ಅಲ್ಲಿ ಸೇತುವೆಗಳ ಲೆಕ್ಕ ಬೆಸ ಸಂಖ್ಯೆಯಲ್ಲಿ ಸಿಕ್ಕಿಕೊಂಡಿತ್ತು. ನಮ್ಮ ನಾಲ್ಕು ಊರುಗಳಲ್ಲಿ ಒಳಗೆ ಬರಲು ಎರಡು ದಾರಿ, ಹೊರಗೆ ಹೋಗಲು ಎರಡು ದಾರಿ. ಬಂದವರು ಎಲ್ಲೂ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಸುತ್ತು ಸಿಕ್ಕೇ ಸಿಗುತ್ತದೆ. ಯಮಾತಾರಾಜಭಾನಸಲಗಂ ಅಂಥ ಒಂದು ತಿರುಗಾಟದ ದಿನಚರಿ.

ಇಂಥ ಬಳೆಗಳು ಎಷ್ಟಿವೆ? ಮೂರಕ್ಷರದ ಗಣಕ್ಕೆ ಎರಡೇ ಎರಡು. ಒಂದು ನಮ್ಮದು, ಇನ್ನೊಂದು ಅದನ್ನೇ ಹಿಂದುಮುಂದಾಗಿ ಓದಿದ್ದು. ನಾಲ್ಕಕ್ಷರಕ್ಕೆ ಹೋದರೆ 16 ಬಳೆ, ಐದಕ್ಕೆ 2048.

ಎರಡಕ್ಷರಕ್ಕೆ ಒಂದೇ. ಅದಕ್ಕೆ ಒಳ್ಳೆಯ ಕನ್ನಡ ಪದ ಹುಡುಕುತ್ತಾ ಕೂತಿದ್ದೆ. ಎರಡಕ್ಷರದ ನಾಲ್ಕು ವಿನ್ಯಾಸಗಳೂ ಒಂದೊಂದೇ ಸಲ ಬರಬೇಕು, ಒಟ್ಟು ಐದಕ್ಷರ, ∪∪——∪ ಆಗಬೇಕು. ಬಹಳ ಹೊತ್ತು ಹೊಳೆಯಲಿಲ್ಲ. ಕೊನೆಗೆ ಸಾಕಪ್ಪಾ ಅಂತ ಪೆನ್ನು ಕೆಳಗಿಟ್ಟಾಗ ಬಾಯಿಂದ ಬಂದ ಪದವೇ ಉತ್ತರವಾಗಿತ್ತು: ತಲೆನೋವಾಯ್ತು. ತಲೆ ∪∪, ಲೆನೋ ∪—, ನೋವಾ ——, ವಾಯ್ತು —∪.

ಇದರಿಂದ ಉಪಯೋಗ ಏನು ಅಂತ ಕೇಳುವವರು ಇದ್ದೇ ಇರುತ್ತಾರೆ. ನಾಲ್ಕು ಅಂಕಿಯ ಬಾಗಿಲ ಬೀಗ ಒಂದನ್ನು ನೆನೆಸಿಕೊಳ್ಳಿ, ಎಂಟರ್ ಗುಂಡಿ ಇಲ್ಲದ್ದು, ಕೊನೆಯ ನಾಲ್ಕು ಒತ್ತು ಸರಿಯಿದ್ದರೆ ತೆರೆದುಕೊಳ್ಳುವಂಥದ್ದು. 0000ದಿಂದ 9999ರವರೆಗೆ ಹತ್ತು ಸಾವಿರ ಸಂಕೇತಗಳು. ಒಂದೊಂದಾಗಿ ಒತ್ತಿದರೆ 40,000 ಒತ್ತು. ಡಿ ಬ್ರೌನ್ ಸರಣಿ ಹಿಡಿದರೆ 10,003 ಒತ್ತಿನಲ್ಲಿ ಎಲ್ಲ ಸಂಕೇತಗಳೂ ಮುಗಿದವು. (ಎಟಿಎಂ ಮುಂದೆ ಪ್ರಯೋಗ ಮಾಡಬೇಡಿ. ಅದು ಮೂರು ತಪ್ಪಿಗೇ ಕಾರ್ಡ್ ತಡೆಹಿಡಿಯುತ್ತದೆ.) ಇನ್ನೂ ಗಂಭೀರವಾದ ಕೆಲಸವೂ ಇದೆ. ಜೀವಕೋಶದ ಡಿಎನ್‌ಎ ಓದುವ ಯಂತ್ರಗಳು ಅದನ್ನು ಚೂರುಚೂರಾಗಿ ಓದುತ್ತವೆ. ಒಂದು ಚೂರಿನ ಬಾಲ ಇನ್ನೊಂದು ಚೂರಿನ ತಲೆಗೆ ಹೊಂದುವುದನ್ನು ನೋಡಿ ಇಡೀ ಸಾಲು ಕಟ್ಟುವಾಗ ಕಂಪ್ಯೂಟರ್ ನಡೆಯುವುದು ಇಂಥದೇ ಊರು ರಸ್ತೆಗಳ ನಕ್ಷೆಯ ಮೇಲೆ.

ಇನ್ನು ಪಿಂಗಳನ ವಿಷಯಕ್ಕೆ ಬರೋಣ. ಎರಡು ಸಾವಿರ ವರ್ಷಕ್ಕೂ ಹಿಂದೆ ಸಂಸ್ಕೃತದಲ್ಲಿ ಛಂದಸ್ಸಿನ ಸೂತ್ರಗಳನ್ನು ಬರೆದವನು. ನಾವು ಶಾಲೆಯಲ್ಲಿ ಪ್ರಸ್ತಾರ ಅಂದರೆ ಅಕ್ಷರದ ಮೇಲೆ ಗುರುತು ಹಾಕುವುದು ಅಂದುಕೊಂಡಿದ್ದೇವೆ. ಪಿಂಗಳನಿಗೆ ಪ್ರಸ್ತಾರ ಅಂದರೆ ಇರಬಹುದಾದ ಎಲ್ಲ ವಿನ್ಯಾಸಗಳ ಪಟ್ಟಿ, ಒಂದೂ ಬಿಡದೆ. ಪಟ್ಟಿ ಬೆಳೆಸುವ ರೀತಿ ಹೀಗೆ: ಮೊದಲು ಎಲ್ಲವೂ ಗುರು. ಮುಂದಿನ ಸಾಲಿಗೆ, ಎಡದಿಂದ ಸಿಗುವ ಮೊದಲ ಗುರುವಿನ ಕೆಳಗೆ ಲಘು ಬರೆಯಿರಿ. ಅದರ ಬಲಕ್ಕೆ ಇರುವುದನ್ನು ಹಾಗೇ ಇಳಿಸಿ. ಎಡಕ್ಕೆ ಇರುವುದನ್ನೆಲ್ಲ ಗುರು ಮಾಡಿ. ಎಲ್ಲವೂ ಲಘು ಆಗುವವರೆಗೆ ಇದನ್ನೇ ಮಾಡುತ್ತಿರಿ.

1. ——— ಮ
2. ∪—— ಯ
3. —∪— ರ
4. ∪∪— ಸ
5. ——∪ ತ
6. ∪—∪ ಜ
7. —∪∪ ಭ
8. ∪∪∪ ನ

ಗುರುವಿಗೆ 0, ಲಘುವಿಗೆ 1 ಹಾಕಿ ಬಲದಿಂದ ಎಡಕ್ಕೆ ಓದಿ: 000, 001, 010, 011, 100... ಕಂಪ್ಯೂಟರ್ ಎಣಿಸುವುದು ಹೀಗೇ. ಪಿಂಗಳನ ಕೈಯಲ್ಲಿ ಸೊನ್ನೆ ಒಂದುಗಳ ಅಂಕಿ ಇರಲಿಲ್ಲ, ಆದ್ದರಿಂದ ದ್ವಿಮಾನ ಪದ್ಧತಿಯನ್ನು ಅವನೇ ಕಂಡುಹಿಡಿದ ಅಂತ ಭಾಷಣ ಹೊಡೆಯುವುದು ಸ್ವಲ್ಪ ಜಾಸ್ತಿಯಾಯಿತು. ಆದರೆ ಆ ಎಣಿಕೆಯ ನಡಿಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಅವನು ಇನ್ನೆರಡು ಲೆಕ್ಕಗಳನ್ನೂ ಕೊಟ್ಟಿದ್ದಾನೆ.

ಒಂದರ ಹೆಸರು ನಷ್ಟ. ದುಡ್ಡು ಕಳೆದುಕೊಂಡ ನಷ್ಟ ಅಲ್ಲ, ಪಟ್ಟಿಯಲ್ಲಿ ಒಂದು ಸಾಲು ಅಳಿಸಿಹೋಗಿದೆ ಅಂತ. ಆರನೇ ಸಾಲು ಅಳಿಸಿಹೋಗಿದೆ, ಅದೇನಿತ್ತು? 6 ಸಮ, ಲಘು ಬರೆದು ಅರ್ಧ ಮಾಡಿ: 3. ಅದು ಬೆಸ, ಗುರು ಬರೆದು ಒಂದು ಕೂಡಿಸಿ ಅರ್ಧ ಮಾಡಿ: 2. ಅದು ಸಮ, ಲಘು. ಮೂರು ಗುರುತು ಆಯಿತು, ನಿಲ್ಲಿಸಿ. ∪—∪, ಜಗಣ. ಮೇಲಿನ ಪಟ್ಟಿಯಲ್ಲಿ ಆರನೆಯದು ಅದೇ.

ಇನ್ನೊಂದು ಉದ್ದಿಷ್ಟ, ಇದರ ಉಲ್ಟಾ. ವಿನ್ಯಾಸ ಕೈಯಲ್ಲಿದೆ, ಅದು ಎಷ್ಟನೆಯದು? ಅಕ್ಷರಗಳ ಮೇಲೆ ಎಡದಿಂದ 1, 2, 4, 8, 16 ಅಂತ ದುಪ್ಪಟ್ಟು ಮಾಡುತ್ತಾ ಬರೆಯಿರಿ. ಲಘುಗಳ ಮೇಲಿರುವ ಸಂಖ್ಯೆಗಳನ್ನು ಮಾತ್ರ ಕೂಡಿ, ಕೊನೆಗೆ ಒಂದು ಸೇರಿಸಿ. ಜಗಣಕ್ಕೆ 1 + 4 + 1, ಅಂದರೆ 6.

ಮೂರಕ್ಷರಕ್ಕೆ ಇದೆಲ್ಲ ಆಟದ ಸಾಮಾನು. ಉತ್ಪಲಮಾಲೆಗೆ ಹಚ್ಚಿ ನೋಡಿ, ಮಜಾ ಗೊತ್ತಾಗುತ್ತದೆ. ಪಂಪ ರನ್ನರು ಬಳಸಿದ ಈ ವೃತ್ತದಲ್ಲಿ ಸಾಲಿಗೆ 20 ಅಕ್ಷರ, ಗಣಗಳು ಭ ರ ನ ಭ ಭ ರ, ಆಮೇಲೆ ಒಂದು ಲಘು, ಒಂದು ಗುರು. ಇಪ್ಪತ್ತು ಅಕ್ಷರದಲ್ಲಿ ಇರಬಹುದಾದ ವಿನ್ಯಾಸಗಳು 2ನ್ನು ಇಪ್ಪತ್ತು ಸಲ ಗುಣಿಸಿದಷ್ಟು, 10,48,576. ಉತ್ಪಲಮಾಲೆಯಲ್ಲಿ ಲಘುಗಳು ಇರುವುದು 2, 3, 5, 7, 8, 9, 11, 12, 14, 15, 17, 19ನೇ ಜಾಗಗಳಲ್ಲಿ. ಅವುಗಳ ತಲೆಯ ಮೇಲಿನ ಸಂಖ್ಯೆಗಳು 2, 4, 16, 64, 128, 256, 1024, 2048, 8192, 16384, 65536, 2,62,144. ಕೂಡಿದರೆ 3,55,798. ಒಂದು ಸೇರಿಸಿ. ಇಪ್ಪತ್ತಕ್ಷರದ ವೃತ್ತಗಳ ಪಟ್ಟಿಯಲ್ಲಿ ಉತ್ಪಲಮಾಲೆಯ ಕ್ರಮಸಂಖ್ಯೆ 3,55,799. ಆಧಾರ್ ನಂಬರ್ ಇದ್ದ ಹಾಗೆ. ಯಾರೇ ಎಲ್ಲೇ ಕೂತು ಲೆಕ್ಕ ಹಾಕಿದರೂ ಇದೇ ಬರುತ್ತದೆ.

ಚಂಪಕಮಾಲೆಗೆ ಮತ್ತೆ ಮೊದಲಿನಿಂದ ಕೂಡಬೇಕಾಗಿಲ್ಲ. ಖ್ಯಾತ ಕರ್ನಾಟಕ ವೃತ್ತಗಳು ಆರು, ಆದರೆ ನಿಜಕ್ಕೂ ಅವು ಮೂರು ಜೋಡಿ. ಉತ್ಪಲಮಾಲೆಯ ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಚಂಪಕಮಾಲೆ. ಶಾರ್ದೂಲವಿಕ್ರೀಡಿತಕ್ಕೆ ಹಾಗೇ ಮಾಡಿದರೆ ಮತ್ತೇಭವಿಕ್ರೀಡಿತ. ಸ್ರಗ್ಧರೆಗೆ ಮಾಡಿದರೆ ಮಹಾಸ್ರಗ್ಧರೆ. 'ಗುರುವೊಂದಾದಿಯೊಳುತ್ಪಲಂ' ಅಂತ ಶುರುವಾಗುವ ಪದ್ಯವನ್ನು ಬಾಯಿಪಾಠ ಮಾಡಿಸುತ್ತಾರಲ್ಲ, ಅದರಲ್ಲಿ ಆರೂ ವೃತ್ತಗಳ ಆರಂಭ ಮಾತ್ರ ಇದೆ. ಈ ಜೋಡಿ ಸಂಬಂಧವನ್ನು ನಾವೇ ನೋಡಿಕೊಳ್ಳಬೇಕು. ಒಂದು ಗುರು ಎರಡು ಲಘುವಾದಾಗ ಉಳಿದ ಅಕ್ಷರಗಳೆಲ್ಲ ಒಂದು ಜಾಗ ಬಲಕ್ಕೆ ಸರಿಯುತ್ತವೆ, ತಲೆಯ ಮೇಲಿನ ಸಂಖ್ಯೆಗಳೆಲ್ಲ ದುಪ್ಪಟ್ಟಾಗುತ್ತವೆ. 3,55,798ರ ದುಪ್ಪಟ್ಟು 7,11,596. ಹೊಸ ಎರಡು ಲಘುಗಳ 1 ಮತ್ತು 2 ಸೇರಿಸಿ, ಕೊನೆಯ ಒಂದನ್ನೂ ಸೇರಿಸಿ. ಚಂಪಕಮಾಲೆ 21 ಅಕ್ಷರದ ಪಟ್ಟಿಯಲ್ಲಿ 7,11,600ನೆಯದು. ಉಳಿದ ನಾಲ್ಕನ್ನು ನಿಮಗೆ ಬಿಟ್ಟಿದ್ದೇನೆ.

ಎಂಟು ಗಣಗಳಲ್ಲಿ ಗುರು ಎಷ್ಟೆಷ್ಟಿವೆ ಅಂತ ಎಣಿಸಿದರೆ ಇನ್ನೊಂದು ಸಿಗುತ್ತದೆ. ಗುರುವೇ ಇಲ್ಲದ್ದು ಒಂದು, ಒಂದು ಗುರು ಇರುವವು ಮೂರು, ಎರಡು ಇರುವವು ಮೂರು, ಮೂರೂ ಗುರು ಆಗಿರುವುದು ಒಂದು. 1, 3, 3, 1. ಕಾಲೇಜಿನಲ್ಲಿ ಪಾಸ್ಕಲ್ ತ್ರಿಕೋನ ಅಂತ ಓದುತ್ತೀರಿ. ಪಾಸ್ಕಲ್ ಹದಿನೇಳನೇ ಶತಮಾನದವನು. ಹತ್ತನೇ ಶತಮಾನದಲ್ಲಿ ಪಿಂಗಳನಿಗೆ ವ್ಯಾಖ್ಯಾನ ಬರೆದ ಹಲಾಯುಧ ಇದನ್ನೇ ಮೇರು ಪ್ರಸ್ತಾರ ಅಂತ ಕರೆದು, ಚೌಕಗಳನ್ನು ಬೆಟ್ಟದ ಹಾಗೆ ಪೇರಿಸಿ ತುಂಬುವ ಕ್ರಮ ಹೇಳಿಕೊಟ್ಟ. ಆ ವ್ಯಾಖ್ಯಾನ ಬರೆದದ್ದು ಮಾಳವದಲ್ಲಿ, ಮುಂಜ ರಾಜನ ಆಶ್ರಯದಲ್ಲಿ. ಅದಕ್ಕೂ ಮುಂಚೆ ಅವನಿದ್ದದ್ದು ಮಾನ್ಯಖೇಟದಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣನ ಬಳಿ. ಮಾನ್ಯಖೇಟ ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ.

ಕನ್ನಡದ ನಿಜವಾದ ಉಸಿರು ಇರುವುದು ಮಾತ್ರಾಗಣದಲ್ಲಿ. ಅಲ್ಲಿ ಅಕ್ಷರ ಎಷ್ಟಿವೆ ಅನ್ನುವುದಲ್ಲ, ಮಾತ್ರೆ ಎಷ್ಟು ಅನ್ನುವುದು ಮುಖ್ಯ. ಮೂರು ಮಾತ್ರೆಯನ್ನು ಎಷ್ಟು ರೀತಿ ತುಂಬಬಹುದು? ∪∪∪, —∪, ∪—. ಮೂರು ರೀತಿ. ನಾಲ್ಕು ಮಾತ್ರೆಗೆ ಐದು ರೀತಿ: ∪∪∪∪, —∪∪, ∪—∪, ∪∪—, ——. ಐದು ಮಾತ್ರೆಗೆ ಎಂಟು. ಮೂರು, ಐದು, ಎಂಟು... ಮುಂದಿನದು ಹದಿಮೂರು ಅಂತ ಊಹಿಸಿದಿರಾ? ಸರಿ. ಕಾರಣ ಸುಲಭ. ಕೊನೆಯ ಅಕ್ಷರ ಲಘುವಾಗಿದ್ದರೆ ಅದನ್ನು ತೆಗೆದಾಗ ಒಂದು ಮಾತ್ರೆ ಕಡಿಮೆ ಇರುವ ವಿನ್ಯಾಸ ಉಳಿಯುತ್ತದೆ, ಗುರುವಾಗಿದ್ದರೆ ಎರಡು ಮಾತ್ರೆ ಕಡಿಮೆ ಇರುವುದು ಉಳಿಯುತ್ತದೆ. ಆದ್ದರಿಂದ ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಜಗತ್ತು ಇದನ್ನು ಫಿಬೊನಾಚಿ ಸರಣಿ ಅನ್ನುತ್ತದೆ. ಇಟಲಿಯ ಫಿಬೊನಾಚಿ ಮೊಲದ ಮರಿಗಳ ಲೆಕ್ಕ ಬರೆದದ್ದು 1202ರಲ್ಲಿ. ಗುಜರಾತಿನ ಹೇಮಚಂದ್ರ ಮಾತ್ರೆಗಳ ಈ ಲೆಕ್ಕವನ್ನು ಅದಕ್ಕೆ ಸುಮಾರು ಐವತ್ತು ವರ್ಷ ಮುಂಚೆ ಬರೆದಿದ್ದ, ಅವನಿಗೂ ಮೊದಲು ವಿರಹಾಂಕ ಬರೆದಿದ್ದ. ನನಗಂತೂ ಮೊಲಕ್ಕಿಂತ ಮಾತ್ರೆಯೇ ಇಷ್ಟ. ಮೊಲಗಳು ಸಾಯುವುದೇ ಇಲ್ಲ ಅಂತ ನಂಬಬೇಕಾಗಿಲ್ಲ.

ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೊದಲ ಸಾಲಿಗೆ 14 ಮಾತ್ರೆ. ಹದಿನಾಲ್ಕು ಮಾತ್ರೆಯನ್ನು ಮನಸ್ಸಿಗೆ ಬಂದಂತೆ ತುಂಬಿದರೆ 610 ರೀತಿ. ಆದರೆ ಭಾಮಿನಿಯಲ್ಲಿ 3+4+3+4 ಅಂತ ಗಣ ಒಡೆಯಬೇಕು. ಆಗ ಉಳಿಯುವುದು 3 × 5 × 3 × 5, ಅಂದರೆ 225. ಅದರಲ್ಲೂ ∪— ಅಂತ ಶುರುವಾಗುವ ಗಣಗಳನ್ನು ಕನ್ನಡ ಕಿವಿ ಒಪ್ಪುವುದಿಲ್ಲ, ಲಯ ಎಡವುತ್ತದೆ ಅಂತ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಟ್ಟರೆ 2 × 4 × 2 × 4, ಬರೀ 64. ಆ ಅರವತ್ತನಾಲ್ಕರಲ್ಲೇ ಸುತ್ತಾಡಿಕೊಂಡು ಮಹಾಭಾರತದ ಹತ್ತು ಪರ್ವ ಹಾಡಿದ್ದು ಹೇಗೆ ಅನ್ನುವುದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ.

ಗಣ ಹುಡುಕುವುದು ಒಂದು ಚಟ. ಒಮ್ಮೆ ಹಿಡಿದರೆ ಬಸ್ಸಿನ ಬೋರ್ಡಿನ ಮೇಲೂ ಪ್ರಸ್ತಾರ ಹಾಕುತ್ತೀರಿ. ಹಾಸನ, ಕೊಪ್ಪಳ ಭಗಣ. ಮೈಸೂರು, ಕೋಲಾರ, ಬಳ್ಳಾರಿ ತಗಣ. ಉಡುಪಿ, ಗದಗ ನಗಣ. ಕದಂಬ ಜಗಣ. ಗಮನಿಸಿದಿರಾ, ಎಲ್ಲವೂ ಲಘುವಿನಲ್ಲೇ ಮುಗಿಯುತ್ತಿವೆ. ನಮ್ಮ ಪದಗಳು ಬಹುಪಾಲು ಹ್ರಸ್ವ ಸ್ವರದಲ್ಲಿ ನಿಲ್ಲುತ್ತವೆ, ಹಾಗಾಗಿ ಮ, ಯ, ರ, ಸ ಗಣಗಳ ಬಿಡಿಪದ ಸಿಗುವುದು ಕಷ್ಟ. ಸಗಣಕ್ಕೆ ಕುಣಿಗಲ್ ಸಿಕ್ಕಿತು. ಕಂಡಕ್ಟರ್ ಕೂಗುವ ಹಾಗೆ ಮಂಗಳೂರ್ ಅಂದರೆ ರಗಣ. ಮಗಣಕ್ಕೆ ಮೂರು ಗುರು ಬೇಕಲ್ಲ, ಬೇಕರಿಯ ಮುಂದೆ ನಿಂತಾಗ ಹೊಳೆಯಿತು: ಮೈಸೂರ್‌ಪಾಕ್. ಯಗಣಕ್ಕೆ ಇನ್ನೂ ಹುಡುಕುತ್ತಿದ್ದೇನೆ.

ಆ ಬೇಕರಿಯ ದೆಸೆಯಿಂದಲೇ ಇನ್ನೊಂದು ಕೆಲಸ ಮುಗಿಯಿತು. ನಾಲ್ಕಕ್ಷರದ 16 ವಿನ್ಯಾಸಗಳಿಗೆ ಯಮಾತಾರಾಜ ಥರದ ಸಾಲು ಇದ್ದರೆ ಎಷ್ಟು ಚೆನ್ನ ಅಂತ ಬಹಳ ದಿನದಿಂದ ತಲೆಯಲ್ಲಿತ್ತು. 19 ಅಕ್ಷರ ಬೇಕು. ಈ ಸಲ ಅರ್ಥವೂ ಇರಬೇಕು ಅಂತ ಹಟ. ಮೇಷ್ಟ್ರು ಇದ್ದಿದ್ದರೆ ತೋರಿಸುತ್ತಿದ್ದೆ:

ಗಣಿತದ ಲೆಕ್ಕವ ಮೈಸೂರು ಪಾಕ ತಿನ್ನುತ್ತಾ ನೀ ಬಿಡಿಸು
∪∪∪∪ —∪∪ ——∪ —∪ ——— — ∪∪∪

ಮೊದಲ ನಾಲ್ಕು ಗಣಿತದ, ∪∪∪∪. ಒಂದಕ್ಷರ ಸರಿಯಿರಿ, ಣಿತದಲೆ, ∪∪∪—. ಹೀಗೇ ಕೊನೆಯವರೆಗೆ ಸರಿಯುತ್ತಾ ಹೋಗಿ. ಹದಿನಾರು ಬರುತ್ತವೆ. ಒಂದಾದರೂ ಎರಡು ಸಲ ಬಂದರೆ ಪಾಕ ನನ್ನ ಖರ್ಚು.